ಒಂದೇ ಸಮ

ಷಡ್ಡಕ ಎಂಬ ಸಂಬಂಧವನ್ನು ಕಂಡುಹಿಡಿದವನು ಖಂಡಿತ ಗಂಡಸಲ್ಲ. ಹೆಂಡತಿಯ ತಂಗಿಯ ಗಂಡ ಎಂದರೆ ಬೇರೇನೂ ಅಲ್ಲ, ನಮ್ಮನ್ನು ಅಳೆಯುವುದಕ್ಕೆಂದು ಹೆಂಡತಿಯ ಕೈಗೆ ವಿಧಿ ಕೊಟ್ಟ ಗಜಕಡ್ಡಿ. ನನ್ನ ಪಾಲಿನ ಗಜಕಡ್ಡಿಯ ಹೆಸರು ವಿಜಯಕುಮಾರ್. ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಸ್ವಂತ ಮನೆ, ಮನೆಯ ಕೆಳಗೇ ಟೀವಿ ರಿಪೇರಿ ಅಂಗಡಿ, ತಲೆ ತುಂಬ ಕೂದಲು, ಕೊರಳಿಗೊಂದು ಗಿಟಾರು. ಇತ್ತ ನಾನು, ವೀರೇಂದ್ರ. ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆ ಮನೆ, ಕಾರ್ಖಾನೆಯ ಟೈಂ ಆಫೀಸಿನಲ್ಲಿ ಹಾಜರಿ ನೋಡುವ ಗುಮಾಸ್ತಗಿರಿ, ಕೊರಳಿಗೊಂದು ಮಫ್ಲರು. (ತಲೆಯ ವಿಚಾರ ಇಲ್ಲಿ ಅಪ್ರಸ್ತುತ.)

ಇಂಥ ವಿಜಯ ಒಂದು ಭಾನುವಾರ ಬೆಳಿಗ್ಗೆ ತಾನಾಗಿ ಸ್ಕೂಟರ್ ಹತ್ತಿ ನಮ್ಮ ಮನೆ ಬಾಗಿಲಿಗೆ ಬಂದು, ನನ್ನಿಂದ ಒಂದು ಉಪಕಾರವಾಗಬೇಕು ಎಂದು ಕೈ ಹಿಸುಕಿಕೊಂಡು ಕೂತರೆ ನನಗೆ ಹೇಗಾಗಿರಬೇಡ. ಎರಡು ಸಾವಿರದ ಮೂರನೆಯ ಇಸವಿಯ ಚಳಿಗಾಲದ ಆ ಬೆಳಿಗ್ಗೆಯನ್ನು ನಾನು ಸುವರ್ಣಾಕ್ಷರಗಳಲ್ಲಿ ಬರೆಸಬೇಕೆಂದಿದ್ದೆ. ಆಮೇಲೆ ನಡೆದದ್ದರಿಂದ ಆ ಯೋಜನೆಯನ್ನು ಕೈಬಿಟ್ಟಿದ್ದೇನೆ.

ವಿಜಯನದೊಂದು ಬ್ಯಾಂಡ್ ಇತ್ತು. ಹಾಡು ಬರೆದು ಹಾಡುವವಳು ಮಾನಸ, ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಬೇಸ್ ಗಿಟಾರ್ ನುಡಿಸುವವನು ವಿಷ್ಣುಪ್ರಸಾದ, ಬ್ಯಾಂಕಿನ ಕ್ಯಾಷಿಯರ್. ನೋಟು ಎಣಿಸುವಾಗ ಯಾವ ಮುಖವೋ ಗಿಟಾರ್ ನುಡಿಸುವಾಗಲೂ ಅದೇ ಮುಖ. ಟೋಕನ್ ನಂಬರ್ ಕೂಗುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಕೇಳಿದವರು ವಿರಳ. ಇವರು ನುಡಿಸುವುದು ಆಲ್ಟರ್ನೇಟಿವ್ ರಾಕ್ ಅಂತೆ. ಅಚ್ಚಗನ್ನಡದಲ್ಲಿ ಹೇಳುವುದಾದರೆ ‘ಬದಲಿ ಬಂಡೆ’. ಇಂಥ ಬಂಡೆಗೆ ಡ್ರಮ್ ಬಾರಿಸುತ್ತಿದ್ದವರಿಗೆ ಗುಲ್ಬರ್ಗಕ್ಕೆ ವರ್ಗವಾಗಿಬಿಟ್ಟಿತ್ತು. ಡಿಸೆಂಬರ್ ಕೊನೆಗೆ ಶಿವಮೊಗ್ಗದಲ್ಲಿ ಬ್ಯಾಂಡುಗಳ ಸ್ಪರ್ಧೆ.

“ಭಾವ, ನೀವೇ ಗತಿ ಮಾರಾಯ್ರೆ. ಮದ್ವೆಗೆ ಮುಂಚೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸ್ತಾ ಇದ್ರಂತಲ್ಲ” ಎಂದ ವಿಜಯ.

ಬಾರಿಸುತ್ತಿದ್ದೆ ಎಂದರೇನು? ಓಲ್ಡ್ ಟೌನಿನ ಗಣೇಶೋತ್ಸವಗಳಲ್ಲಿ ನನ್ನ ಕೈಚಳಕ ನೋಡಲೆಂದೇ ಜನ ಗಣಪತಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಕೋಲನ್ನು ಮೇಲಕ್ಕೆ ಚಿಮ್ಮಿ, ಗಿರ್ರನೆ ತಿರುಗಿಸಿ ಹಿಡಿಯುತ್ತಿದ್ದೆ. ಆಮೇಲೆ ಒಂದು ದಿನ, ಗುಂಡಿ ಒತ್ತಿದರೆ ತಾನೇ ಡ್ರಮ್ ಹೊಡೆದುಕೊಳ್ಳುವ ಕೀಬೋರ್ಡ್ ಬಂತು. ಆರ್ಕೆಸ್ಟ್ರಾ ಯಜಮಾನರು ಗುಂಡಿ ಒತ್ತಿದರು, ನಾನು ಹೊರಬಿದ್ದೆ. ಅದೇ ವರ್ಷ ಮದುವೆಯೂ ಆಯಿತು. ಹೀಗೆ ತಾಳಿ ಕಟ್ಟಿ ತಾಳ ಬಿಟ್ಟವನು ನಾನು.

ನನ್ನ ಹೆಂಡತಿ ಶಾಂಭವಿ ವಿಜಯನಿಗೆ ಕಾಫಿ ತಂದುಕೊಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನಂತರ ಬಹಳ ಸಮಾಧಾನದಿಂದ, “ಇವ್ರಾ? ಇವ್ರು ಒಂದು ಕೆಲ್ಸಾನ ಒಂದೇ ಸಮ ಮಾಡಿದ್ದು ನಾನಂತೂ ನೋಡಿಲ್ಲಪ್ಪ” ಎಂದಳು.

ಆ ಮಾತಿಗೆ ಉತ್ತರವಾಗಿಯೇ ನಾನು ಒಪ್ಪಿಕೊಂಡದ್ದು.

ಮುಂದಿನ ಭಾನುವಾರ ವಿಜಯನ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ಪುನರಾಗಮನವಾಯಿತು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆ ಇಡುವ ಕಾಗದದ ಟ್ರೇ ಅಂಟಿಸಿದ್ದ. ವಿಜಯನ ಹೆಂಡತಿ ತನುಜಾ, ಅಂದರೆ ನನ್ನ ನಾದಿನಿ, ನಮ್ಮ ಮನೆಗಳಲ್ಲಿ ಮೊಟ್ಟೆಯ ಹೆಸರು ಎತ್ತುವುದೂ ಕಷ್ಟವಾದ್ದರಿಂದ ಒಂದೊಂದು ಟ್ರೇಗೂ ಅರಿಶಿನದ ನೀರು ಚಿಮುಕಿಸಿ ಶುದ್ಧಿ ಮಾಡಿ ಒಳಗೆ ಬಿಟ್ಟಿದ್ದಳಂತೆ. ಹೀಗಾಗಿ ಕೋಣೆ ಯಾವುದೋ ಹಳದಿ ಗುಹೆಯ ಹಾಗಿತ್ತು. ನಡುವೆ ಡ್ರಮ್ ಸೆಟ್ ಹೊಳೆಯುತ್ತಿತ್ತು.

ಮಾನಸ ಹಾಡು ಶುರು ಮಾಡಿದಳು. ಬಸ್ ಸ್ಟಾಂಡಿನಲ್ಲಿ ನಿಂತವಳ ಹಾಡು ಅದು. ‘ಬರುತ್ತೆ ಅಂದ್ರು, ನಿಂತಿದೀನಿ, ಬರದೇ ಇದ್ರೆ ನಡೀತೀನಿ’ ಎಂದು ಮೊದಲು ಪಿಸುಮಾತಿನ ಹಾಗೆ. ಮುಂದೆ ಹೋಗುತ್ತ ವಿಜಯನ ಗಿಟಾರು ಗರಗಸದಂತೆ ಕೂಗತೊಡಗಿ ಇವಳೂ ಕಂಠ ಬಿಚ್ಚಿ ಕೂಗುತ್ತಾಳೆ. ನಾನು ಸುಮ್ಮನಿರುವವನೇ? ಅವಳು ಉಸಿರೆಳೆದುಕೊಂಡಲ್ಲೆಲ್ಲ ಒಂದು ಗುಡುಗು, ಸಾಲು ಮುಗಿದಲ್ಲೆಲ್ಲ ಒಂದು ಮಳೆ, ನಡುನಡುವೆ ತಾಳದ ತಟ್ಟೆಗೆ ಝಣ್. ಕೊನೆಗೆ ಕೋಲನ್ನು ಮೇಲಕ್ಕೆ ಚಿಮ್ಮಿದೆ. ಅದು ಒಂದು ಟ್ರೇಯಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಹಾಡು ನಿಂತ ಮೇಲೆ ಮಾನಸ ನನ್ನ ಕಡೆ ತಿರುಗಿದಳು. ಮೇಷ್ಟರಾದವರಿಗೆ ಗೊತ್ತಿರುತ್ತದೆ, ದಡ್ಡನನ್ನು ನೋಯಿಸದೆ ತಿದ್ದುವುದು ಹೇಗೆಂದು.

“ಸರ್, ಕೈ ಬಹಳ ಚೆನ್ನಾಗಿದೆ. ಆದ್ರೆ ನಂಗೆ ನಿಂತ್ಕೊಳ್ಳೋಕೆ ಜಾಗ ಸಿಗ್ಲಿಲ್ಲ” ಎಂದಳು.

ಆಮೇಲೆ ಕೂರಿಸಿಕೊಂಡು ವಿವರಿಸಿದಳು. ಈ ಬಗೆಯ ಹಾಡಿನಲ್ಲಿ ಗಿಟಾರು ಸಿಟ್ಟು ಮಾಡಿಕೊಳ್ಳುತ್ತದೆ, ದನಿ ತಳಮಳಿಸುತ್ತದೆ, ಎಲ್ಲವೂ ಅಲ್ಲಾಡುತ್ತಿರುತ್ತದೆ. ಅಲ್ಲಾಡದೆ ಇರಬೇಕಾದದ್ದು ಡ್ರಮ್ ಒಂದೇ. ಅದು ನೆಲ. ಕಾಲಲ್ಲಿ ಧಂ, ಕೈಯಲ್ಲಿ ಟಪ್, ಮತ್ತೆ ಧಂ, ಮತ್ತೆ ಟಪ್. ಪಿಸುಮಾತಿಗೂ ಅದೇ, ಕೂಗಿಗೂ ಅದೇ. ಜೋರಾಗಿ ಬಾರಿಸಿದರೆ ಹಾಡಿಗೆ ಕಸುವು ಬರುತ್ತದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಹಾಗಲ್ಲ, ನಿಲ್ಲಿಸದೆ, ಬದಲಿಸದೆ ಬಾರಿಸುತ್ತ ಹೋದರೆ ಕೇಳುವವನ ಮೈಯೇ ಕಾದು ಕಾದು ಮೇಲೇಳುತ್ತದೆ. ನೀವು ಏನೂ ಮಾಡಬೇಡಿ ಸರ್, ಹೋಗುತ್ತಾ ಇರಿ ಸಾಕು, ಎಂದಳು. ವಿಷ್ಣುಪ್ರಸಾದ ಹೌದೆಂಬಂತೆ ಕಣ್ಣು ಮುಚ್ಚಿ ತೆರೆದ.

ಏನೂ ಮಾಡದಿರುವುದರಲ್ಲಿ ನನಗೆ ಆಫೀಸಿನಲ್ಲಿ ದೀರ್ಘ ಅನುಭವವಿದೆ. ಸುಲಭ ಎಂದುಕೊಂಡೆ. ಧಂ ಟಪ್, ಧಂ ಟಪ್. ಸ್ವಲ್ಪ ಹೊತ್ತು ಹಿಡಿದು ನಿಂತಿತು ನೋಡಿ, ಆ ಸ್ವಲ್ಪ ಹೊತ್ತಿನಲ್ಲಿ ಏನೋ ಆಯಿತು. ಗಿಟಾರು ನನ್ನ ಮೇಲೆ ಬಂದು ಕೂತಿತು. ಮಾನಸಳ ದನಿ ನನ್ನ ಮೇಲೆ ಕಾಲಿಟ್ಟು ನಡೆದುಹೋಯಿತು. ಕೋಣೆಯೇ ಒಂದು ಬಸ್ಸಾಗಿ ಹೊರಟ ಹಾಗೆ. ನನ್ನ ತೋಳಿನ ರೋಮಗಳು ಎದ್ದು ನಿಂತವು. ಇಷ್ಟು ವರ್ಷ ನಾನು ಡ್ರಮ್ ಬಾರಿಸಿದ್ದರೂ ಡ್ರಮ್ಮಿನೊಳಗೆ ಕೂತಿರಲಿಲ್ಲ ಅನ್ನಿಸಿತು. ಆ ಸಂತೋಷಕ್ಕೆ ಕೈ ತಾನೇ ಓಡಿತು. ಬಸ್ಸು ಗುಂಡಿಗೆ ಬಿತ್ತು.

ನನ್ನ ರೋಗ ಅದು. ಸಂತೋಷವಾದರೆ ಓಡುತ್ತೇನೆ, ಹೆದರಿದರೆ ಇನ್ನೂ ಓಡುತ್ತೇನೆ, ಓಡುತ್ತಿದ್ದೇನೆ ಅಂತ ಗೊತ್ತಾದರೆ ಕುಂಟುತ್ತೇನೆ. ಇಡೀ ಕಾರ್ಖಾನೆಯ ಟೈಮು ನೋಡುವವನಿಗೆ ತನ್ನ ಟೈಮು ಹಿಡಿಯಲು ಬರುವುದಿಲ್ಲ ಎಂದು ವಿಜಯ ನಕ್ಕ. ಇದನ್ನು ಅವನು ಮನೆಯಲ್ಲಿ ಹೇಳುತ್ತಾನೆ, ತನುಜಾ ಅಕ್ಕನಿಗೆ ಫೋನ್ ಮಾಡುತ್ತಾಳೆ, ಗಜಕಡ್ಡಿ ಇನ್ನೂ ಉದ್ದವಾಗುತ್ತದೆ. ಇಲ್ಲ, ಕಲಿತೇ ತೀರಬೇಕು ಎಂದು ಬಸ್ಸಿನಲ್ಲಿ ಬರುತ್ತ ಶಪಥ ಮಾಡಿದೆ.

ಮಾರನೆಯ ದಿನದಿಂದ ಮನೆಯಲ್ಲಿ ಘೋರ ತಪಸ್ಸು. ದಿಂಬಿನ ಮೇಲೆ ಬಾರಿಸಿದೆ, ಹತ್ತಿ ಹಾರಿತು. ಅಕ್ಕಿ ಡಬ್ಬದ ಮೇಲೆ ಬಾರಿಸಿದೆ, ಮುಚ್ಚಳ ಒಳಗೆ ಹೋಯಿತು. ಗಡಿಯಾರದ ಟಿಕ್ ಟಿಕ್ ಹಿಡಿಯೋಣವೆಂದರೆ ನಮ್ಮ ಗಡಿಯಾರಕ್ಕೆ ನನ್ನದೇ ಸ್ವಭಾವ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುದರಿಂದ ಇದನ್ನೆಲ್ಲ ಸಹಿಸುವ ಭಾಗ್ಯ ಶಾಂಭವಿ ಒಬ್ಬಳದೇ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು, ಊಟದ ಮೇಜಿನ ಮುಂದೆ ಕೂತು ಎರಡು ಚಮಚ ಹಿಡಿದು ಧಂ ಟಪ್ ಎನ್ನುತ್ತಿದ್ದೆ. ಒಳಗಿನಿಂದ ಶಾಂಭವಿ ಆರಂಭಿಸಿದಳು.

“ಒದ್ದೆ ಟವೆಲ್ಲು ಹಾಸ್ಗೆ ಮೇಲೆ, ಓದಿದ ಪೇಪರ್ ಒಲೆಕಟ್ಟೆ ಮೇಲೆ, ಕಾಫಿ ಲೋಟ ಕಿಟ್ಕಿ ಮೇಲೆ, ಕನ್ನಡ್ಕ ಎಲ್ಲಿ ಅಂತೀರಿ ಆಮೇಲೆ.”

ಸ್ವಲ್ಪ ಹೊತ್ತಾದ ಮೇಲೆ ನನಗೆ ಅರಿವಾಯಿತು, ನಾನು ಓಡುತ್ತಿಲ್ಲ. ಕುಂಟುತ್ತಲೂ ಇಲ್ಲ. ಚಮಚಗಳು ರೈಲು ಹೋದ ಹಾಗೆ ಹೋಗುತ್ತಿವೆ. ಕಿವಿಗೊಟ್ಟು ಕೇಳಿದೆ. ಎಂಥ ಅದ್ಭುತ! ಇತರ ಹೆಂಗಸರು ಬೈಯುವಾಗ ದನಿ ಏರುತ್ತದೆ, ವೇಗ ಹೆಚ್ಚುತ್ತದೆ, ಕೊನೆಗೆ ಅಳುವಿನಲ್ಲೋ ಪಾತ್ರೆ ಎಸೆಯುವುದರಲ್ಲೋ ಮುಗಿಯುತ್ತದೆ. ನನ್ನ ಶಾಂಭವಿಯದು ಹಾಗಲ್ಲ. ಮೊದಲ ಮಾತಿಗೂ ಕೊನೆಯ ಮಾತಿಗೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಉಸಿರು ತೆಗೆದುಕೊಳ್ಳುವುದೂ ತಾಳಕ್ಕೆ ಸರಿಯಾಗಿ. ನಡುವೆ ಸಾರಿಗೆ ಒಗ್ಗರಣೆ ಹಾಕಿದಳು, ಅದೂ ಟಪ್ ಬೀಳುವ ಜಾಗಕ್ಕೇ ಚುರ್ ಎಂದಿತು.

ಅಂದಿನಿಂದ ನಾನು ಬೈಗುಳದ ಕೃಷಿಗೆ ತೊಡಗಿದೆ. ಟವೆಲನ್ನು ಇನ್ನೊಮ್ಮೆ ನೀರಿನಲ್ಲಿ ಅದ್ದಿ ಹಾಸಿಗೆಗೆ ಹಾಕಿದೆ. ಒಂದು ಚಪ್ಪಲಿಯನ್ನು ತುಳಸಿಕಟ್ಟೆಯ ಹತ್ತಿರ ಬಿಟ್ಟೆ. ಹಾಲು ಕಾಯಲಿಟ್ಟಿದ್ದಾಳೆ, ನೋಡಿಕೊಳ್ಳಿ ಅಂದಿದ್ದಾಳೆ ಅಂದರೆ ಅದು ಉಕ್ಕುವುದನ್ನು ಕಣ್ಣಾರೆ ನೋಡುತ್ತ ಕೂತೆ. (ನೋಡಿಕೊಳ್ಳಿ ಎಂದಿದ್ದಳೇ ಹೊರತು ಆರಿಸಿ ಎಂದಿರಲಿಲ್ಲ.) ಅವಳು ಶುರು ಮಾಡಿದ ಕೂಡಲೇ ಚಮಚ ಹಿಡಿದು ಓಡಿಬರುತ್ತಿದ್ದೆ. ಬೈಗುಳ ಬೇಗ ಮುಗಿಯುವಂತೆ ಕಂಡರೆ “ಅದ್ರಲ್ಲೇನಿದೆ ಬಿಡೇ” ಎಂದು ಒಂದು ಮಾತು ಸೇರಿಸುತ್ತಿದ್ದೆ. ಆ ಒಂದು ಮಾತಿಗೆ ಕೊನೆಯಿಲ್ಲದಷ್ಟು ತಾಳ ಹುಟ್ಟುತ್ತಿತ್ತು. ದಾಂಪತ್ಯದಲ್ಲಿ ನಾವು ಅಷ್ಟು ಹೊತ್ತು ಒಟ್ಟಿಗೆ ಕಳೆದದ್ದು ಅದೇ ಮೊದಲು.

ಫಲ ರಾಗಿಗುಡ್ಡದಲ್ಲಿ ಕಂಡಿತು. ಮೂರನೆಯ ಭಾನುವಾರ, ಮನಸ್ಸಿನಲ್ಲಿ ಶಾಂಭವಿಯ ಟವೆಲ್ ಪ್ರಕರಣವನ್ನು ಹರಿಯಬಿಟ್ಟು ಡ್ರಮ್ ಹಿಡಿದೆ. ಹಾಡು ಶುರುವಿನಿಂದ ಕೊನೆಯವರೆಗೆ ಒಮ್ಮೆಯೂ ಮುಗ್ಗರಿಸಲಿಲ್ಲ. ಕೊನೆಯ ಸುತ್ತಿನಲ್ಲಿ ಮಾನಸ ಕಣ್ಣು ಮುಚ್ಚಿ ಕುಣಿಯುತ್ತಿದ್ದಳು, ವಿಜಯನ ಕೂದಲು ಹಾರಾಡುತ್ತಿತ್ತು, ವಿಷ್ಣುಪ್ರಸಾದ ನಕ್ಕನೆಂದೂ ನನಗೆ ಅನುಮಾನ. ಮಾನಸ ಹತ್ತಿರ ಬಂದು ಅಭ್ಯಾಸಕ್ಕೆ ಯಾವ ಯಂತ್ರ ಇಟ್ಟುಕೊಂಡಿದ್ದೀರಿ ಎಂದು ಕೇಳಿದಳು. ಮನೆಯಲ್ಲಿ ಒಂದಿದೆ, ಹಳೇ ಮಾಡೆಲ್ಲು, ಕರೆಂಟ್ ಬೇಡ ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಸ್ ಸ್ಟಾಂಡಿಗೆ ಬಿಡಲು ಬಂದ ವಿಜಯನಿಗೆ, ಗೆದ್ದ ಹುಮ್ಮಸ್ಸಿನಲ್ಲಿ ಗುಟ್ಟನ್ನೆಲ್ಲ ಹೇಳಿಬಿಟ್ಟೆ. ಟವೆಲು ಅದ್ದಿದ್ದು, ಹಾಲು ಉಕ್ಕಿಸಿದ್ದು, ಎಲ್ಲ. ಅವನು ಸ್ಕೂಟರ್ ನಿಲ್ಲಿಸಿ ನಕ್ಕ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ‘ಯಾರಿಗೂ’ ಎಂಬುದರಲ್ಲಿ ಹೆಂಡತಿ ಸೇರುವುದಿಲ್ಲ ಎನ್ನುವುದು ಗಂಡಸರ ಸಾಮಾನ್ಯ ವ್ಯಾಕರಣ. ಶಿವಮೊಗ್ಗದಿಂದ ಭದ್ರಾವತಿಗೆ ನಮ್ಮ ಬಸ್ಸು ಬರುವುದಕ್ಕಿಂತ ಮೊದಲೇ ತನುಜಾಳ ಫೋನು ಬಂದಿತ್ತು.

ಅವತ್ತು ಶಾಂಭವಿ ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಹಾಸಿಗೆಯ ಮೇಲೆ ಟವೆಲು ಬಿಟ್ಟರೆ ತೆಗೆದುಕೊಂಡು ಹೋಗಿ ತಂತಿಗೆ ಹಾಕಿದಳು. ಚಪ್ಪಲಿಯನ್ನು ಜೋಡಿಸಿಟ್ಟಳು. “ಊಟ ಬಡಿಸ್ಲಾ?” “ಇನ್ನೊಂದು ರೊಟ್ಟಿ ಹಾಕ್ಲಾ?” ಎಂದು ನರ್ಸಿಂಗ್ ಹೋಮಿನ ನರ್ಸಿನ ಹಾಗೆ ಮೆತ್ತಗೆ ಕೇಳಿದಳು. ನನಗೆ ಬೆವರು ಬಂತು. ಪಕ್ಕದ ಮನೆಯ ವಿಮಲಮ್ಮನವರು ಬಾಗಿಲಲ್ಲಿ ಇಣುಕಿ, ಶಾಂಭವಿಯ ದನಿಯೇ ಕೇಳಿಸಲಿಲ್ಲವಲ್ಲ, ಹುಷಾರಿಲ್ಲವಾ ಎಂದು ವಿಚಾರಿಸಿಕೊಂಡು ಹೋದರು.

ಬುಧವಾರ ಸಂಜೆ ವಿಜಯನ ಮನೆಗೆ ವಿಶೇಷ ಅಭ್ಯಾಸಕ್ಕೆ ಹೋದರೆ, ನೆನಪಿನ ಬೈಗುಳವೂ ಕೈಕೊಟ್ಟಿತು. ಮನಸ್ಸಿನಲ್ಲಿ ಟವೆಲ್ ಪ್ರಕರಣ ಶುರು ಮಾಡಿದರೆ ನಡುವೆ ಆ ಮೆತ್ತನೆಯ “ರೊಟ್ಟಿ ಹಾಕ್ಲಾ?” ಬಂದು ತಾಳ ತಪ್ಪುತ್ತಿತ್ತು. ಬಸ್ಸು ಮೊದಲಿಗಿಂತ ದೊಡ್ಡ ಗುಂಡಿಗೆ ಬಿತ್ತು. ಮಾನಸ ಬೈಯಲಿಲ್ಲ. ಸ್ಪರ್ಧೆಗೆ ಹೆಸರು ಕೊಟ್ಟಾಗಿದೆಯಲ್ಲ ಸರ್, ಎಂದು ಮಾತ್ರ ಹೇಳಿ ಕಿಟಕಿಯ ಕಡೆ ತಿರುಗಿ ನಿಂತಳು. ಅವಳು ಆ ಹಾಡನ್ನು ಒಂದು ವರ್ಷ ಕೂತು ಕಟ್ಟಿದ್ದಳಂತೆ. ನನಗೆ ನಿಜವಾಗಿ ಸಂಕಟವಾಯಿತು.

ಮನೆಗೆ ಬಂದವನೇ ಶಾಂಭವಿಯ ಮುಂದೆ ಶರಣಾದೆ. ತಪ್ಪಾಯಿತು, ದಯವಿಟ್ಟು ಬೈಯಿ ಎಂದೆ. ಭದ್ರಾವತಿಯ ಇತಿಹಾಸದಲ್ಲಿ ಗಂಡನೊಬ್ಬ ಇಂಥ ಅರ್ಜಿ ಸಲ್ಲಿಸಿದ್ದು ಅದೇ ಪ್ರಥಮವಿರಬೇಕು.

ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

“ಟವೆಲ್ ನೆನೆಸಿದ್ದಕ್ಕೆ ನಂಗೆ ಬೇಜಾರಿಲ್ಲ ರೀ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನಾನು ಹೇಳಿದ್ರಲ್ಲಿ ಒಂದು ಮಾತೂ ನಿಮಗೆ ಕೇಳ್ಸಿಲ್ಲ. ಟಪ್ ಟಪ್ ಅನ್ನೋದು ಮಾತ್ರ ಕೇಳ್ಸಿದೆ.”

ಹಾಗೇನಿಲ್ಲ, ಎಲ್ಲ ಕೇಳಿಸಿಕೊಂಡಿದ್ದೇನೆ ಎಂದೆ.

“ಹಂಗಾದ್ರೆ ಒಂದು ಹೇಳಿ ನೋಡೋಣ. ಟವೆಲ್ ಬಿಟ್ಟು.”

ನಾನು ಬಾಯಿ ತೆರೆದೆ. ಧಂ ಟಪ್ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಬಾಯಿ ಮುಚ್ಚಿದೆ. ಬಟಾಣಿಯ ಕಾಳುಗಳು ಪಾತ್ರೆಗೆ ಬೀಳುವ ಸದ್ದೊಂದೇ ಕೇಳುತ್ತಿತ್ತು. ಅದೂ ಹಿಂದೆಮುಂದೆ ಬೀಳುತ್ತಿತ್ತು. ಅವಳಿಗೆ ಎಷ್ಟು ನೋವಾಗಿದೆಯೆಂದು ಆಗಲೇ ನನಗೆ ಗೊತ್ತಾದದ್ದು.

ಮರುದಿನ ಟೈಂ ಆಫೀಸಿನಲ್ಲಿ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಪಾಳಿ ಬದಲಾಗುವ ಗದ್ದಲ ಮುಗಿದ ಮೇಲೆ ಪೆನ್ಸಿಲ್ ಹಿಡಿದು ಮೇಜಿನ ಮೇಲೆ ಮೆಲ್ಲಗೆ ಧಂ ಟಪ್ ಎಂದೆ. ಒದ್ದೆ ಟವೆಲ್ಲು ಹಾಸ್ಗೆ ಮೇಲೆ. ಧಂ ಟಪ್. ಓದಿದ ಪೇಪರ್. ನಿಲ್ಲಿಸದೆ ಬಾರಿಸುತ್ತಾ ಹೋದೆ. ತಾಳದ ಹಿಂದೆ ಒಂದೊಂದೇ ಮಾತು ನಡೆದು ಬರತೊಡಗಿತು, ಹಾಜರಿ ಹಾಕಲು ಕೆಲಸಗಾರರು ಸಾಲಾಗಿ ಬರುವ ಹಾಗೆ. ಕಾಫಿ ಲೋಟ ಬಂತು. ಕನ್ನಡಕ ಬಂತು. ಅವುಗಳ ಹಿಂದೆ, ನಾನು ಯಾವತ್ತೂ ಮುಖ ನೋಡದ ಒಂದು ಸಾಲು ಬಂತು:

‘ಭಾನ್ವಾರ ಭಾನ್ವಾರ ಶಿವ್ಮೊಗ್ಗ, ಹೋಗೋದು ನನ್ನ ತಂಗಿ ಮನೆಗೇ, ನೀನೂ ಬಾರೇ ಅಂತ ಒಂದಿನ, ಬಾಯ್ಮಾತಿಗಾದ್ರೂ ಅಂದ್ರಾ ನನಗೆ.’

ಪೆನ್ಸಿಲ್ ಕೈಯಿಂದ ಬಿತ್ತು. ನಿಜವೇ. ವಾರ ವಾರವೂ ನಾನು ಹೋಗುತ್ತಿದ್ದದ್ದು ಅವಳ ಸ್ವಂತ ತಂಗಿಯ ಮನೆಗೆ. ಅಲ್ಲಿ ತನುಜಾ ಮಾಡಿದ ಎಣ್ಣೆಗಾಯಿ ತಿಂದು, ಬಂದು ಅದರ ರುಚಿಯನ್ನೂ ಇವಳಿಗೇ ವರ್ಣಿಸುತ್ತಿದ್ದೆ. ಇವಳನ್ನು ಕರೆದುಕೊಂಡು ಹೋಗಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಸಂಜೆ ಹೋಗಿ ಆ ಸಾಲನ್ನು ಅಕ್ಷರ ಬಿಡದೆ ಅವಳ ಮುಂದೆ ಹೇಳಿದೆ. ಶನಿವಾರ ಸ್ಪರ್ಧೆ, ನೀನೂ ಬಾರೇ, ಎಂದೂ ಸೇರಿಸಿದೆ. ಶಾಂಭವಿ ನನ್ನನ್ನು ಒಂದು ಕ್ಷಣ ನೋಡಿದಳು. “ನೋಡೋಣ” ಎಂದಳು. ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಸೀರೆಗೆ ಇಸ್ತ್ರಿ ಹಾಕುತ್ತಾಳೆ ಎಂದರ್ಥ.

ಶನಿವಾರ ಶಿವಮೊಗ್ಗದ ಬಯಲು ರಂಗಮಂದಿರದಲ್ಲಿ ಜನ ಕಿಕ್ಕಿರಿದಿದ್ದರು. ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ನಮಗಿಂತ ಮೊದಲು ಬಂದ ಬ್ಯಾಂಡುಗಳಲ್ಲಿ ಡ್ರಮ್ ಬಾರಿಸಿದವರೆಲ್ಲ ನನ್ನ ಮಗಳ ವಯಸ್ಸಿನವರು. ನಾನು ಮಫ್ಲರ್ ತೆಗೆದೆ, ತಲೆ ನೆನಪಾಗಿ ಮತ್ತೆ ಸುತ್ತಿಕೊಂಡೆ. ಮುಂದಿನ ಸಾಲಿನಲ್ಲಿ ತನುಜಾಳ ಪಕ್ಕ ಶಾಂಭವಿ ಕೂತಿದ್ದಳು, ಕೈಕಟ್ಟಿಕೊಂಡು.

ಹಾಡು ಶುರುವಾಯಿತು. ‘ಬರುತ್ತೆ ಅಂದ್ರು, ನಿಂತಿದೀನಿ.’ ಧಂ ಟಪ್. ಹೆದರಿಕೆಯಿಂದ ನನ್ನ ಕಾಲು ಆಗಲೇ ಓಡಲು ತುದಿಗಾಲಲ್ಲಿತ್ತು, ಆದರೂ ಹೇಗೋ ಹಿಡಿದುಕೊಂಡು ಹೋದೆ. ಗಿಟಾರು ಎದ್ದಿತು, ಮಾನಸಳ ದನಿ ಬಿಚ್ಚಿಕೊಂಡಿತು, ಹಿಂದಿನ ಸಾಲಿನವರು ಎದ್ದು ನಿಲ್ಲತೊಡಗಿದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಗಿಟಾರು ಸತ್ತಿತು. ಮೈಕು ಸತ್ತಿತು. ದೀಪವೆಲ್ಲ ಆರಿ, ವೇದಿಕೆ ಯಾವುದು ಜನ ಯಾವುದು ಗೊತ್ತಾಗದ ಕತ್ತಲೆ. ಆ ಕತ್ತಲೆಯಲ್ಲಿ ಜೀವ ಇದ್ದದ್ದು ನನ್ನ ಡ್ರಮ್ ಒಂದಕ್ಕೇ. “ನಿಲ್ಲಿಸ್ಬೇಡಿ ಸರ್” ಎಂದು ಮಾನಸ ಪಕ್ಕದಿಂದ ಹೇಳಿದ್ದು ಕೇಳಿಸಿತು. ಜನರೇಟರ್ ಇದೆ, ಚಾಲೂ ಮಾಡುತ್ತಿದ್ದಾರೆ ಎಂದು ಯಾರೋ ಕೂಗಿದರು. ನಾನು ನಿಲ್ಲಿಸಲಿಲ್ಲ. ಆದರೆ ಅಷ್ಟು ಜನರ ಮುಂದೆ ಒಬ್ಬನೇ ಸದ್ದು ಮಾಡುತ್ತಿದ್ದೇನೆ ಎಂಬ ಭಯಕ್ಕೆ ಕೈ ಓಟ ಕಿತ್ತಿತು. ಧಂಟಪ್ ಧಂಟಪ್ ಧಂಟಪ್. ಜನ ನಗಲು ಶುರು ಮಾಡಿದರು.

ಆಗ ಮುಂದಿನ ಸಾಲಿನಿಂದ ಆ ದನಿ ಬಂತು. ಏರಲಿಲ್ಲ, ಇಳಿಯಲಿಲ್ಲ.

“ಓಡ್ಬೇಡಿ ರೀ. ಬಸ್ಸು ಬಂದ್ರೂ ಓಡ್ತೀರಿ, ಊಟಕ್ಕೆ ಕೂತ್ರೂ ಓಡ್ತೀರಿ, ಫೋಟೋ ತೆಗೆದ್ರೂ ಓಡ್ತೀರಿ, ಆಲ್ಬಮ್ಮಲ್ಲೆಲ್ಲ ಅರ್ಧ ಮುಖ. ನಲ್ಲಿ ಸೋರ್ತಿದೆ ಅಂದ್ರೆ ಓಡ್ತೀರಿ, ನೆಂಟ್ರು ಬಂದ್ರು ಅಂದ್ರೆ ಓಡ್ತೀರಿ, ಯಾರೂ ಅಟ್ಟಿಸ್ಕೊಂಡ್ ಬರ್ತಿಲ್ಲ, ನೆಟ್ಟಗ್ ಕೂತ್ಕೊಂಡ್ ಬಾರ್ಸಿ ಈಗ.”

ನನ್ನ ಕೈಗೆ ನೆಲ ಸಿಕ್ಕಿತು. ಧಂ, ಟಪ್. ಧಂ, ಟಪ್. ಶಾಂಭವಿ ನಿಲ್ಲಿಸಲಿಲ್ಲ. ಟವೆಲಿಗೆ ಬಂದಳು, ಒಲೆಕಟ್ಟೆಗೆ ಬಂದಳು, ಉಕ್ಕಿದ ಹಾಲಿಗೆ ಬಂದಳು. ಕತ್ತಲೆಯಲ್ಲಿ ಮೊದಲು ನಗು, ಆಮೇಲೆ ಯಾರೋ ಚಪ್ಪಾಳೆ ಶುರು ಮಾಡಿದರು, ಟಪ್ ಬೀಳುವ ಜಾಗಕ್ಕೇ. ಸಾಲಿಂದ ಸಾಲಿಗೆ ಹಬ್ಬಿ ಇಡೀ ಬಯಲು ಚಪ್ಪಾಳೆಯಾಯಿತು. ಕಾಲಲ್ಲಿ ನೆಲ ಒದೆಯತೊಡಗಿದರು. ನಾನು ಜೋರು ಮಾಡಲಿಲ್ಲ, ಬದಲಿಸಲಿಲ್ಲ, ಹೋಗುತ್ತಾ ಇದ್ದೆ ಅಷ್ಟೇ. ನನ್ನ ಎದೆಯಿಂದ ಶುರುವಾಗಿ ಆ ಬಯಲೆಲ್ಲ ಒಂದೇ ಮೈಯಾಗಿ ಮೇಲೇಳುತ್ತಿರುವುದು ಕುರ್ಚಿಯ ಅಡಿಯಲ್ಲಿ ಗೊತ್ತಾಗುತ್ತಿತ್ತು. ಜನರೇಟರ್ ಚಾಲೂ ಆಗಿ ದೀಪ ಬಂದ ಕ್ಷಣ ವಿಜಯ ಸರಿಯಾಗಿ ಧಂ ಮೇಲೆ ಗಿಟಾರಿಗೆ ಬಡಿದ. ಮಾನಸ ಹಾಡನ್ನು ಅಲ್ಲಿಂದಲೇ ಎತ್ತಿಕೊಂಡಳು. ಜನ ಹೋ ಎಂದ ಸದ್ದಿಗೆ ನನ್ನ ಮಫ್ಲರೇ ಬಿಚ್ಚಿಹೋಯಿತು. ಆದರೂ ನಾನು ಓಡಲಿಲ್ಲ.

ಮೊದಲ ಬಹುಮಾನ ನಮಗೇ ಬಂತು. ಮಾನಸ ಕಣ್ಣಲ್ಲಿ ನೀರು ತುಂಬಿಕೊಂಡು ಎರಡೂ ಕೈ ಚಾಚಿ ಓಡಿಬಂದಳು. ನಾನು ಎದ್ದು, ಮುಖದಲ್ಲಿ ಸಾಕಷ್ಟು ವಿನಯವನ್ನು ತಂದುಕೊಂಡು, ಕೈ ಮುಂದೆ ಮಾಡಿದೆ. ಅವಳು ನನ್ನನ್ನು ದಾಟಿ, ಮೆಟ್ಟಿಲು ಇಳಿದು, ಶಾಂಭವಿಯನ್ನು ತಬ್ಬಿಕೊಂಡಳು.

“ಅಕ್ಕ, ನೀವು ನಮ್ಮ ಬ್ಯಾಂಡಿಗೆ ಬರ್ಬೇಕು” ಎಂದಳು. ವಿಷ್ಣುಪ್ರಸಾದ ಬಾಯಿ ತೆರೆದು “ಹೌದು” ಎಂದ. ಅವನಂಥವನೇ ಮಾತನಾಡಿದ ಮೇಲೆ ನನ್ನ ಮಾತಿಗೇನು ಬೆಲೆ.

ಶಾಂಭವಿ “ನೋಡೋಣ” ಎಂದಳು.

ಹೀಗೆ ಈಗ ಭಾನುವಾರ ಭಾನುವಾರ ನಾವಿಬ್ಬರೂ ಶಿವಮೊಗ್ಗಕ್ಕೆ ಹೋಗುತ್ತೇವೆ. ಮಾನಸ ಹಾಡಿನ ನಡುವೆ ಜಾಗ ಬಿಟ್ಟು ಹೊಸ ಹಾಡುಗಳನ್ನು ಕಟ್ಟಿದ್ದಾಳೆ. ಆ ಜಾಗದಲ್ಲಿ ಶಾಂಭವಿ ಇಳಕಲ್ ಸೀರೆಯುಟ್ಟು ಮೈಕಿನ ಮುಂದೆ ಬಂದು ನನ್ನನ್ನು ಬೈಯುತ್ತಾಳೆ. ಮೊದಲು ಈ ಕಾರ್ಯ ನಾಲ್ಕು ಗೋಡೆಗಳ ನಡುವೆ ನಡೆಯುತ್ತಿತ್ತು, ಹೆಚ್ಚೆಂದರೆ ವಿಮಲಮ್ಮನವರಿಗೆ ಕೇಳಿಸುತ್ತಿತ್ತು. ಈಗ ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ ಊರಿಗೆಲ್ಲ ಕೇಳುತ್ತದೆ. ಅದಕ್ಕೆ ತಾಳ ಹಾಕುವವನು ನಾನೇ. ಹಾಲು ಉಕ್ಕಿದ ಭಾಗಕ್ಕೆ ಹುಡುಗಿಯರು ‘ಒನ್ಸ್ ಮೋರ್’ ಎನ್ನುತ್ತಾರೆ. ಕಾರ್ಖಾನೆಯ ಗೇಟಿನಲ್ಲಿ ಪಾಳಿಗೆ ಬರುವವರು ಕಾರ್ಡು ಒತ್ತುತ್ತ ‘ಆಲ್ಬಮ್ಮಲ್ಲೆಲ್ಲ ಅರ್ಧ ಮುಖ’ ಎಂದು ಗುನುಗುತ್ತ ನನ್ನ ಕಿಟಕಿಯ ಮುಂದೆ ಹಾದುಹೋಗುತ್ತಾರೆ.

ಇದಕ್ಕೊಂದು ಅಂತ್ಯ ಹಾಡುವ ಶಕ್ತಿ ಯಾರಿಗಾದರೂ ಇದ್ದರೆ ಅದು ನನ್ನ ಅತ್ತೆ ಬಸವರಾಜೇಶ್ವರಮ್ಮನವರಿಗೆ ಎಂದು ನಾನು ನಂಬಿದ್ದೆ. ಹಳೇ ಕಾಲದವರು, ನಿತ್ಯ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಮಗಳು ಊರ ಮುಂದೆ ಗಂಡನ ಮಾನ ಕಳೆಯುವುದನ್ನು ಕಂಡರೆ ಸುಮ್ಮನಿರುತ್ತಾರೆಯೇ. ಹೋದ ಭಾನುವಾರ ನಾನೇ ಕಾರು ಮಾಡಿಕೊಂಡು ಹೋಗಿ ಅವರನ್ನು ರಾಗಿಗುಡ್ಡಕ್ಕೆ ಕರೆತಂದು, ಕೋಣೆಯ ನಡುವೆ ಬೆತ್ತದ ಕುರ್ಚಿ ಹಾಕಿ ಕೂರಿಸಿದೆ.

ಅವರು ಇಡೀ ಹಾಡನ್ನು ಕದಲದೆ ಕೇಳಿದರು. ಮುಖದಲ್ಲಿ ಒಂದು ನಗೆಯಿಲ್ಲ. ಹಾಡು ಮುಗಿದ ಮೇಲೆ ಮಗಳ ಕಡೆ ತಿರುಗಿದರು. ನಾನು ಕೋಲುಗಳನ್ನು ಕೆಳಗಿಟ್ಟು, ನ್ಯಾಯ ಸಿಗುವ ಗಳಿಗೆಗಾಗಿ ಕೈಕಟ್ಟಿ ಕೂತೆ.

“ಹೆಣ್ಣು ನೋಡೋಕೆ ಬಂದಿದ್ದು ಬಿಟ್ಟೇಬಿಟ್ಟೆಯಲ್ಲೇ” ಎಂದರು ಅತ್ತೆ. ಅವರ ಬೆರಳು ಕುರ್ಚಿಯ ತೋಳಿನ ಮೇಲೆ ಆಗಲೇ ಬೀಳತೊಡಗಿತ್ತು, ಒಂದೇ ಸಮ. “ಹೆಣ್ಣು ಒಪ್ಗೇನಾ ಅಂತ ಕೇಳಿದ್ರೆ, ಉಪ್ಪಿಟ್ಟು ಒಪ್ಗೆ ಅಂದ್ರಲ್ಲ ಅಳಿಯಂದ್ರು, ಇನ್ನೊಂದ್ ತಟ್ಟೆ ಕೇಳಿ ತಿಂದು, ಹೆಣ್ಣಿನ್ ಹೆಸ್ರು ಕೇಳ್ದೇ ಎದ್ರು.”

ಮಾನಸ ಮೆಲ್ಲಗೆ, “ಅಮ್ಮ, ಅದನ್ನ ಇನ್ನೊಂದ್ಸಲ ಹೇಳ್ತೀರಾ?” ಎಂದಳು.

ವಿಜಯ ಇನ್ನೊಂದು ಮೈಕು ತರಲು ಎದ್ದು ಹೋದ.